ಕಾಳಿನ ಚೀಲ ಹೊಲಿಯುವ ಮುಂಚೆ ಬಟ್ಟೆ ನೋಡಿ

ಮೊಳಕೆ ರಾಗಿ ಮಾಲ್ಟನ್ನು ಮನೆಯಲ್ಲೇ ಮಾಡಿಕೊಳ್ಳುವವರು ನಮ್ಮ ದಾವಣಗೆರೆಯಲ್ಲಿ ಈಗ ಬಹಳ ಮಂದಿ ಇದ್ದಾರೆ. ನನಗೆ ಅದು ಖುಷಿಯ ವಿಷಯ. ರಾಗಿಯನ್ನೇನೋ ಹೊಸದುರ್ಗದ ಕಡೆಯಿಂದ ಆರಿಸಿ ತರಿಸುತ್ತಾರೆ, ಕಲ್ಲು ಆರಿಸಿ ನಾಲ್ಕು ನೀರಲ್ಲಿ ತೊಳೆಯುತ್ತಾರೆ. ಕಟ್ಟುವಾಗ ಮಾತ್ರ ಕೈಗೆ ಸಿಕ್ಕಿದ ಹಳೆ ಟವೆಲ್ಲೋ, ಬಣ್ಣದ ಸೀರೆ ತುಂಡೋ. ಆಮೇಲೆ ಮೊಳಕೆ ಹುಳಿ ವಾಸನೆ ಬಂತು, ಲೋಳೆಯಾಯಿತು ಅಂತ ರಾಗಿಯನ್ನು ದೂರುತ್ತಾರೆ.

ಮೊಳಕೆ ಒಡೆಯುವ ಕಾಳು ಉಸಿರಾಡುತ್ತದೆ, ಉಸಿರಾಡುವಾಗ ಬಿಸಿ ಹುಟ್ಟಿಸುತ್ತದೆ. ಟವೆಲ್ ದಪ್ಪ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಆಡದೆ ಗಂಟಿನ ನಡುವಿನ ಕಾಳು ಬೆಂದಂತಾಗಿ ಹುಳಿಯುತ್ತದೆ. ಅದಕ್ಕೇ ಮೊಳಕೆಗೆ ತೆಳುವಾದ, ಬಣ್ಣ ಹಾಕದ ಹತ್ತಿ ಬಟ್ಟೆಯೇ ಆಗಬೇಕು. ಮಲ್ ಬಟ್ಟೆ ಒಳ್ಳೆಯದು, ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆ ಇನ್ನೂ ಒಳ್ಳೆಯದು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆಳಕು ಕಾಣಬೇಕು, ಆದರೆ ಎಳೆ ಎಳೆ ಬಿಟ್ಟುಕೊಂಡಿರಬಾರದು. ರಾಗಿ ಒಂದೆರಡು ಮಿಲಿಮೀಟರ್ ಕಾಳು. ಹೆಸರುಕಾಳಿಗೆ ಸಾಕಾಗುವ ಜಾಳು ಬಟ್ಟೆಯಲ್ಲಿ ರಾಗಿ ಉದುರಿ ಹೋಗುತ್ತದೆ.

ಹೊಸ ಬಟ್ಟೆ ತಂದರೆ ಅದರಲ್ಲಿ ಗಂಜಿ ಇದ್ದೇ ಇರುತ್ತದೆ ಅಂದುಕೊಳ್ಳಿ. ಗಂಜಿ ನೂಲಿನ ಸಂದು ಮುಚ್ಚುತ್ತದೆ, ನೆನೆದರೆ ಹುಳಿಯುತ್ತದೆ. ಹತ್ತಿ ಮಿಲ್ಲುಗಳಿಂದ ಹೆಸರಾದ ಊರು ನಮ್ಮದು. ಹೊಸ ಹತ್ತಿ ಬಟ್ಟೆ ಕುಗ್ಗುತ್ತದೆ ಅನ್ನುವುದು ಇಲ್ಲಿಯ ದರ್ಜಿಗಳಿಗೆ ಹೇಳಿಕೊಡಬೇಕಿಲ್ಲ. ಆದರೂ ಚೀಲ ತಾನೇ ಅಂತ ಉದಾಸೀನ ಮಾಡುತ್ತಾರೆ. ಕತ್ತರಿಸುವ ಮುಂಚೆಯೇ ಕುದಿಯುವ ನೀರಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಇನ್ನೊಮ್ಮೆ ಬಿಸಿನೀರಲ್ಲಿ ಒಗೆದು ಒಣಗಿಸಿ. ಗಂಜಿ ಹೋಗಿದೆಯೋ ಇಲ್ಲವೋ ಅಂತ ಅನುಮಾನ ಇದ್ದರೆ ಅಂಚಿನ ಒಂದು ಚೂರಿಗೆ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ನೀಲಿಗಪ್ಪಾದರೆ ಗಂಜಿ ಇನ್ನೂ ಉಳಿದಿದೆ. ಪರೀಕ್ಷೆ ಮಾಡಿದ ಚೂರನ್ನು ಕತ್ತರಿಸಿ ಬಿಸಾಡಿ.

ಒಂದು ಕೆಜಿ ರಾಗಿಗೆ 10 ಇಂಚು ಅಗಲ, 14 ಇಂಚು ಉದ್ದದ ಚೀಲ ಹೊಲಿಸಿ. ಇಷ್ಟು ಕಾಳಿಗೆ ಇಷ್ಟು ದೊಡ್ಡದು ಯಾಕೆ ಅನ್ನಬೇಡಿ, ನೆನೆದ ಕಾಳು ಉಬ್ಬುತ್ತದೆ, ಚೀಲ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಹೊಲಿಗೆಯ ಅಂಚು ಚೀಲದ ಹೊರಗಡೆ ಇರಲಿ. ಒಳಗಿದ್ದರೆ ಅದರ ಸಂದಿಯಲ್ಲಿ ಕಾಳು ಸಿಕ್ಕಿಕೊಂಡು ಅಲ್ಲೇ ಬೂಸ್ಟು ಹಿಡಿಯುತ್ತದೆ. ಅಂಚನ್ನು ಮಡಿಚಿ ಎರಡು ಸಾಲು ಹೊಲಿಗೆ ಹಾಕಿಸಿ. ಬಾಯಿಗೆ ಲಾಡಿ ಬಿಳಿಯದೇ ಆಗಲಿ, ಬಣ್ಣದ ಲಾಡಿ ನೀರಲ್ಲಿ ಬಣ್ಣ ಬಿಡುತ್ತದೆ.

ರಾಗಿಯನ್ನು ಎಂಟರಿಂದ ಹನ್ನೆರಡು ಗಂಟೆ ನೆನೆಸಿ, ನೀರು ಪೂರ್ತಿ ಸೋರಿದ ಮೇಲೆ ಚೀಲಕ್ಕೆ ಹಾಕಿ. ಬೆಳಿಗ್ಗೆ ಸಂಜೆ ಚೀಲವನ್ನು ಮಗುಚಿ, ಕಾಳನ್ನು ಕೈಯಿಂದ ಸಡಿಲಿಸಿ, ಒಣಗಿದ್ದರೆ ಮಾತ್ರ ನೀರು ಚಿಮುಕಿಸಿ. ಏಪ್ರಿಲ್ ಬಿಸಿಲಲ್ಲಿ ನಮ್ಮೂರಲ್ಲಿ ಒಂದು ದಿನ ಸಾಕು. ಮಾಗಿ ಚಳಿಯಲ್ಲಿ ಚಿತ್ರದುರ್ಗದ ಕಡೆಯವರು ಚೀಲದ ಮೇಲೆ ಚಳ್ಳಕೆರೆ ಕಂಬಳಿ ಹೊದಿಸಿಡಿ, ಒಂದೂವರೆ ದಿನ ಹಿಡಿದೀತು.

ಗೋಣಿಚೀಲದಲ್ಲಿ ಮಾತ್ರ ಮೊಳಕೆ ಕಟ್ಟಬೇಡಿ. ಸೆಣಬಿನ ನಾರು ಮೆತ್ತಗಾಗಲೆಂದು ಕಾರ್ಖಾನೆಯಲ್ಲಿ ಎಣ್ಣೆ ಹಾಕಿರುತ್ತಾರೆ, ಅದು ತಿನ್ನುವ ಎಣ್ಣೆಯಲ್ಲ. ಗೊಬ್ಬರದ ಚೀಲ ಎಷ್ಟು ತೊಳೆದರೂ ಬೇಡವೇ ಬೇಡ.

ಹಾಲುಬಾಯಿಗೆ ರುಬ್ಬಿದ ಗೋಧಿಯ ಹಾಲು ಹಿಂಡಲು ಬೇರೆ ಚೀಲ ಇಟ್ಟುಕೊಳ್ಳಿ. ಅಲ್ಲಿ ಬಟ್ಟೆಯ ಮೇಲೆ ಬಲ ಬೀಳುತ್ತದೆ, ಸವೆದ ಪಂಚೆ ಹರಿದುಹೋಗುತ್ತದೆ. ಗಟ್ಟಿ ಪಂಚೆ ಬಟ್ಟೆಯನ್ನು ಒಂದೇ ಪದರ ಬಳಸಿ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಅಲ್ಲಿ 1979ರಿಂದ ಅದಕ್ಕೆ ಕೇಂದ್ರದ ಕಾನೂನಿನಲ್ಲೇ ಅವಕಾಶ ಇದೆ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ, ಯಾರೂ ಆ ಗೋಜಿಗೆ ಹೋಗಬೇಡಿ. ಅವನು ಫೋನಲ್ಲಿ ಕೇಳಿದ್ದು ಚೀಲದ ಮಾತು: "ದೊಡ್ಡಮ್ಮ, ನಿನ್ನ ರಾಗಿ ಚೀಲ ಬಾರ್ಲಿ ಮಾಲ್ಟಿಗೆ ಆಗುತ್ತಾ?" ಆಗುವುದಿಲ್ಲ ಅಂದೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ, ನುಚ್ಚು ಮಾಡಿ, 65ರಿಂದ 68 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ನೆನೆಸಬೇಕು, ಆಗಲೇ ಪಿಷ್ಟ ಸಕ್ಕರೆಯಾಗುವುದು. ಆ ನುಚ್ಚಿನ ಹಿಟ್ಟು ಮಲ್ ಬಟ್ಟೆಯ ಸಂದು ಕಟ್ಟುತ್ತದೆ, ಸಿಹಿನೀರು ಇಳಿಯುವುದೇ ಇಲ್ಲ. ಅದಕ್ಕೆ ಪಾಲಿಯೆಸ್ಟರ್ ವಾಯಿಲ್ ಬೇಕು. ಸೀರೆಯದಲ್ಲ, ಕಿಟಕಿ ಪರದೆಗೆ ಬರುವ ಬಣ್ಣವಿಲ್ಲದ ವಾಯಿಲ್. ನೀರು ಸರ್ರನೆ ಇಳಿಯುತ್ತದೆ, ವಾಸನೆ ಹಿಡಿಯುವುದಿಲ್ಲ.

ಆ ಚೀಲ ಪಾತ್ರೆಯ ಒಳಗೋಡೆಗೆ ತಾಗುವಷ್ಟು ದೊಡ್ಡದಿರಬೇಕು, ನುಚ್ಚು ಸಡಿಲವಾಗಿ ತೇಲಬೇಕು. 35 ಸೆಂಟಿಮೀಟರ್ ಅಡ್ಡಳತೆಯ ಪಾತ್ರೆಯ ಸುತ್ತಳತೆ 110 ಸೆಂಟಿಮೀಟರ್ ಆಗುತ್ತದೆ, ಅಂದರೆ ಎರಡು ಪಕ್ಕಕ್ಕೂ 60 ಸೆಂಟಿಮೀಟರ್ ಅಗಲದ ಬಟ್ಟೆ ಕತ್ತರಿಸಿದರೆ ಹೊಲಿಗೆಗೂ ಸಡಿಲಕ್ಕೂ ಸಾಕು. ಐದು ಕೆಜಿ ಮಾಲ್ಟ್ ನೀರು ಹೀರಿ ಎತ್ತುವ ಹೊತ್ತಿಗೆ ಒಂಬತ್ತು ಹತ್ತು ಕೆಜಿ ತೂಗುತ್ತದೆ. ದಾರ ಪಾಲಿಯೆಸ್ಟರಿನದೇ ಇರಲಿ, ತಳದ ಅಡಿಯಿಂದ ಹಾಯುವಂತೆ ಎರಡು ಪಟ್ಟಿ ಅಡ್ಡಡ್ಡ ಹೊಲಿದು ಅವನ್ನೇ ಮೇಲೆ ಹಿಡಿಕೆ ಮಾಡಿಕೊ ಅಂತ ಹೇಳಿದೆ. ಒಲೆ ಉರಿಯುವಾಗ ಪಾತ್ರೆಯ ತಳದಲ್ಲಿ ತೂತಿನ ತಟ್ಟೆ ಇಡದಿದ್ದರೆ ಪಾಲಿಯೆಸ್ಟರ್ ಕರಗುತ್ತದೆ, ಅದನ್ನೂ ಎರಡು ಸಲ ಹೇಳಿದೆ.

ತೊಳೆಯುವ ಮೊದಲ ಹೆಜ್ಜೆ ಎಲ್ಲ ಚೀಲಕ್ಕೂ ಒಂದೇ. ಕೆಲಸ ಮುಗಿದ ಕೂಡಲೇ ಒಳಹೊರಗು ಮಾಡಿ ಹರಿಯುವ ನೀರಲ್ಲಿ ಜಾಲಿಸಿ. ಪರಿಮಳದ ಸೋಪಿನ ಪುಡಿ ಬೇಡ, ಆ ವಾಸನೆ ಮುಂದಿನ ಕಾಳಿಗೆ ಅಂಟುತ್ತದೆ. ಹತ್ತಿಯದನ್ನು ಹತ್ತು ನಿಮಿಷ ಕುದಿಸಿ ಬಿಸಿಲಿಗೆ ಹಾಕಿ. ವಾಯಿಲನ್ನು ಬಿಸಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗದೆ ಮಡಿಚಿ ಡಬ್ಬಿಗೆ ಹಾಕಬೇಡಿ. ಕಪ್ಪು ಚುಕ್ಕೆ ಬಂದು ಕುದಿಸಿದರೂ ಹೋಗದಿದ್ದರೆ ಅದನ್ನು ನೆಲ ಒರೆಸಲು ತೆಗೆದಿಟ್ಟು ಹೊಸದು ಹೊಲಿಸಿಕೊಳ್ಳಿ.