ಅಪ್ಪನ ಸೈಕಲ್ಲಿಗೆ ಹೊಳಪೋ, ಮ್ಯಾಟೋ?

ಅಪ್ಪ ಬಳಸುತ್ತಿದ್ದ 22 ಇಂಚಿನ ಅಟ್ಲಾಸ್ ಸೈಕಲ್ ಉಡುಪಿಯ ಮನೆಯ ಕೊಟ್ಟಿಗೆಯಲ್ಲಿ ಹಲವು ಮಳೆಗಾಲ ಕಳೆದಿತ್ತು. ಕಡಲ ಗಾಳಿಯ ಉಪ್ಪಿಗೆ ಅದರ ಬಣ್ಣ ಹಪ್ಪಳದಂತೆ ಎದ್ದು, ಅಡಿಯಲ್ಲಿ ತುಕ್ಕು ಹಬ್ಬಿತ್ತು. ಮತ್ತೆ ಕಪ್ಪನ್ನೇ ಹೊಡೆಯಬೇಕೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ತಲೆ ಕೆಡಿಸಿದ್ದು ಆ ಕಪ್ಪು ಹೊಳೆಯಬೇಕೋ, ಹೊಳಪಿಲ್ಲದ ಮ್ಯಾಟ್ ಆಗಿರಬೇಕೋ ಎಂಬ ಪ್ರಶ್ನೆ.

ಮೊದಲು ಮನಸ್ಸು ಹೋದದ್ದು ಪೌಡರ್ ಕೋಟಿಂಗಿನ ಕಡೆಗೆ. ಪುಡಿಯನ್ನು ವಿದ್ಯುದಾವೇಶದಿಂದ ಲೋಹಕ್ಕೆ ಅಂಟಿಸಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುವ ಈ ವಿಧಾನ ಗಟ್ಟಿಮುಟ್ಟಾದದ್ದು. ಹಿತ್ತಾಳೆ ಬೆಸುಗೆಯ ಉಕ್ಕಿನ ಫ್ರೇಮು ಆ ಶಾಖವನ್ನು ತಡೆದುಕೊಳ್ಳುತ್ತದೆ. ಆದರೆ ಪದರ ದಪ್ಪವಾದ್ದರಿಂದ ಕೊಳವೆಗಳು ಕೂಡುವಲ್ಲಿನ ಲೋಹದ ತೋಳುಗಳಾದ ಲಗ್ಗುಗಳ ಅಂಚು ಮೊಂಡಾಗುತ್ತದೆ, ಪೆಡಲ್ ಅಚ್ಚಿನ ಬಟ್ಟಲು (ಬಿ.ಬಿ. ಕಪ್) ಕೂರುವಲ್ಲಿನ ಥ್ರೆಡ್‌ಗಳನ್ನು ಮೊದಲೇ ಮುಚ್ಚದಿದ್ದರೆ ಪುಡಿ ಅಲ್ಲಿಯೂ ಕೂರುತ್ತದೆ. ಕಲ್ಲು ತಾಗಿ ಒಡೆದರೆ ಮನೆಯಲ್ಲಿ ತಿದ್ದುವುದೂ ಕಷ್ಟ. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಮ್ಯಾಟ್ ಚೆನ್ನಾಗಿ ಕಾಣುತ್ತದೆಂದು ಎಲ್ಲರೂ ಹೇಳಿದ್ದರಿಂದ ಚೈನ್‌ಗಾರ್ಡಿನ ಮೇಲೆ ಸ್ಪ್ರೇ ಡಬ್ಬಿಯಿಂದ ಹೊಡೆದು ನೋಡಿದೆ. ಹಳೆಯ ತಗ್ಗುಗಳೆಲ್ಲ ಅದರಲ್ಲಿ ಮರೆಯಾದವು, ಅದೊಂದು ಲಾಭ. ಆದರೆ ಎರಡೇ ವಾರದಲ್ಲಿ ಚೈನಿನ ಎಣ್ಣೆ ಕಲೆಯಾಗಿ ಕೂತಿತು; ಬಟ್ಟೆಯಿಂದ ಉಜ್ಜಿದರೆ ಉಜ್ಜಿದಷ್ಟು ಜಾಗ ಮಾತ್ರ ಹೊಳೆಯತೊಡಗಿತು. ಮ್ಯಾಟಿಗೆ ಪಾಲಿಷ್ ಹಾಕುವಂತಿಲ್ಲ, ಹಾಕಿದರೆ ಅದು ಮ್ಯಾಟ್ ಆಗಿ ಉಳಿಯುವುದಿಲ್ಲ.

ಕೊನೆಗೆ, ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಹೊಡೆಯುವ, ಹೊಳಪಿನ ಎರಡು ಭಾಗದ ಪಿಯು (ಪಾಲಿಯುರೆಥೇನ್) ಪೇಂಟನ್ನೇ ಆರಿಸಿಕೊಂಡೆ. ಹೊಳಪು ಯಾವ ತಪ್ಪನ್ನೂ ಮುಚ್ಚುವುದಿಲ್ಲವಾದ್ದರಿಂದ ಹೆಚ್ಚು ದಿನ ಹಿಡಿದದ್ದು ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯುವುದು, ಪ್ರೈಮರ್ ಹೊಡೆಯುವುದು, ತಗ್ಗಿಗೆ ಪುಟ್ಟಿ ತುಂಬಿ 400ರ ನೀರು ಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ನಯವಾದ ಸ್ಯಾಂಡ್‌ಪೇಪರಿನಲ್ಲಿ) ಸಮ ಮಾಡುವುದು, ಇವೇ. ಈ ಪೇಂಟಿನ ಹಾರ್ಡನರಿನಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಶ್ವಾಸಕ್ಕೆ ಅಪಾಯಕಾರಿ, ಬಟ್ಟೆಯ ಮಾಸ್ಕ್ ಅದನ್ನು ತಡೆಯಲಾರದು. ಹೀಗಾಗಿ ಸ್ಪ್ರೇ ಕೆಲಸವನ್ನು ಸರಿಯಾದ ಸ್ಪ್ರೇ ಬೂತ್ (ಗಾಳಿ ಹೊರಸೆಳೆಯುವ ಕೋಣೆ) ಇರುವ ಕಾರು ಪೇಂಟರಿಗೆ ಒಪ್ಪಿಸಿದೆ. ಅದೂ ಡಿಸೆಂಬರಿನಲ್ಲಿ. ಜುಲೈಯಲ್ಲಿ ಅವಸರ ಮಾಡಿ ನಾನೇ ಫೋರ್ಕಿಗೆ ಹೊಡೆದಿದ್ದ ಲ್ಯಾಕರ್, ಗಾಳಿಯ ತೇವಕ್ಕೆ ಹಾಲು ಚೆಲ್ಲಿದಂತೆ ಬೆಳ್ಳಗಾಗಿ, ಅಷ್ಟನ್ನೂ ಥಿನ್ನರಿನಲ್ಲಿ ಒರೆಸಬೇಕಾಗಿ ಬಂದಿತ್ತು.

ಹಾರ್ಡನರ್ ಬೆರೆಸದ ಪೇಂಟನ್ನು ಸ್ವಲ್ಪ ಕೇಳಿ ತಂದಿಟ್ಟುಕೊಂಡಿದ್ದೆ. ಮರುವರ್ಷ ಸ್ಟ್ಯಾಂಡಿನ ಬುಡದಲ್ಲಿ ಬೇಳೆಯಷ್ಟು ಬಣ್ಣ ಎದ್ದಾಗ, ಆ ಜಾಗವನ್ನು ಉಜ್ಜಿ, ಕಿಟಕಿ ತೆರೆದಿಟ್ಟು, ಕಡ್ಡಿಯ ತುದಿಯಲ್ಲಿ ಒಂದು ಹನಿಯಷ್ಟನ್ನೇ ಹಾರ್ಡನರಿನೊಂದಿಗೆ ಬೆರೆಸಿ ಹಚ್ಚಿ, ಗಟ್ಟಿಯಾದ ಮೇಲೆ ಪಾಲಿಷ್ ಮಾಡಿದೆ. ಆ ಗುರುತು ಈಗ ನನಗೆ ಮಾತ್ರ ಕಾಣುತ್ತದೆ.