ಉತ್ತರ ಪತ್ರಿಕೆ ಮರಳಿಸುವಾಗ ಅಂಕ ಪಕ್ಕದ ಬೆಂಚಿಗೆ ಕಾಣದಿರಲಿ

ಬ್ಲೂ ಬುಕ್ಕಿನ, ಅಂದರೆ ಕಾಲೇಜಿನ ಕಿರುಪರೀಕ್ಷೆಯ ಉತ್ತರ ಪುಸ್ತಿಕೆಯ, ಮುಖಪುಟದಲ್ಲಿ ಹೆಸರು, ಅದರ ಕೆಳಗೇ ಅಂಕದ ಚೌಕ. ಕ್ಲಾಸ್ ಲೀಡರ್ ಕಟ್ಟು ಹೊತ್ತು ತಂದು ಮೊದಲ ಬೆಂಚಿಗೆ ಇಟ್ಟರೆ ಸಾಕು, ಅದು ಕೊನೆಯ ಬೆಂಚು ಮುಟ್ಟುವ ಹೊತ್ತಿಗೆ 30ಕ್ಕೆ 7 ಬಂದವರು ಯಾರೆಂದು ಇಡೀ ತರಗತಿಗೆ ಗೊತ್ತಾಗಿರುತ್ತದೆ.

ಹಾಗಾಗಿ ಮೌಲ್ಯಮಾಪನ ಮಾಡುವಾಗಲೇ ಅಂಕವನ್ನು ಮುಖಪುಟದ ಒಳಬದಿಗೆ ಬರೆಯಿರಿ. ಚೌಕ ಹೊರಗೇ ಅಚ್ಚಾಗಿದ್ದರೆ ಅರ್ಧ ಎ4 ಹಾಳೆಯನ್ನು ಅದರ ಮೇಲೆ ಸ್ಟೇಪಲ್ ಮಾಡಿ, ಹೆಸರನ್ನು ಆ ಹಾಳೆಯ ಮೇಲೆ ಬರೆಯಿರಿ. ಗೋಂದು ಬೇಡ. ಆಟಿಯ (ಕರಾವಳಿಯ ಮಳೆಗಾಲದ ತಿಂಗಳು) ಒದ್ದೆ ಹವೆಗೆ ಅದು ಒಣಗುವುದಿಲ್ಲ, ಬಿಡಿಸಲು ಹೋದರೆ ಅಂಕದ ಚೌಕವೇ ಕಿತ್ತು ಬರುತ್ತದೆ. ಕೆಂಪು ಶಾಯಿ ಹಿಂಬದಿಗೆ ಮೂಡುವಷ್ಟು ಒತ್ತಿ ಬರೆದರೂ ಮುಚ್ಚಿದ್ದು ವ್ಯರ್ಥ.

ಹಂಚುವ ಕೆಲಸ ಅಧ್ಯಾಪಕರದ್ದೇ. 60 ಮಂದಿಗೆ ತಲಾ 20 ಸೆಕೆಂಡ್ ಎಂದರೆ 20 ನಿಮಿಷ. ಬೋರ್ಡಿನ ಮೇಲೆ ಒಂದು ಲೆಕ್ಕ ಕೊಟ್ಟು, ಅದನ್ನು ಬಿಡಿಸುತ್ತಿರುವಾಗ ಒಬ್ಬೊಬ್ಬರನ್ನೇ ಮೇಜಿನ ಬಳಿಗೆ ಕರೆಯಿರಿ. ಹಾಜರಿ ಕ್ರಮದಲ್ಲಿ ಕರೆಯಿರಿ, ಅಂಕದ ಇಳಿಕೆ ಕ್ರಮದಲ್ಲಿ ಖಂಡಿತ ಬೇಡ. ಬಾಯಿಬಿಟ್ಟು ಹೇಳದಿದ್ದರೂ ಕೊನೆಗೆ ಎದ್ದು ಬರುವವನ ಗತಿ ಎಲ್ಲರಿಗೂ ತಿಳಿಯುತ್ತದೆ. ಗೈರಾದವರ ಪತ್ರಿಕೆಯನ್ನು ಹಾಸ್ಟೆಲ್ ರೂಮ್‌ಮೇಟ್ ಕೈಗೆ ಕೊಡದೆ ಕಪಾಟಿನಲ್ಲಿಟ್ಟು ಬೀಗ ಹಾಕಿ.

ಹೆಚ್ಚಿನವರು ಎಡವುವುದು ನೋಟಿಸ್ ಬೋರ್ಡಿನಲ್ಲಿ. ಹೆಸರು ತೆಗೆದು ರಿಜಿಸ್ಟರ್ ನಂಬರ್ ಮಾತ್ರ ಹಾಕಿದರೆ ಗುಟ್ಟು ಉಳಿಯಿತು ಎಂಬ ನಂಬಿಕೆ ಇದೆ. ಆ ನಂಬರ್ ಬಹುತೇಕ ಕಡೆ ಹೆಸರಿನ ಅಕ್ಷರಕ್ರಮದಲ್ಲೇ ಇರುತ್ತದೆ, ಹಾಜರಿ ಕೂಗುವಾಗ ದಿನವೂ ಕಿವಿಗೆ ಬೀಳುತ್ತದೆ. ಅದರ ಬದಲು ಎಕ್ಸೆಲ್‌ನಲ್ಲಿ ಪ್ರತಿಯೊಬ್ಬರಿಗೂ ನಾಲ್ಕಂಕಿಯ ಯಾದೃಚ್ಛಿಕ ಕೋಡ್ ಕೊಡಿ, ಒಂದೇ ಕೋಡ್ ಇಬ್ಬರಿಗೆ ಬಂದಿಲ್ಲವೆಂದು ನೋಡಿ, ಚೀಟಿಯಲ್ಲಿ ಬರೆದು ಅವರವರ ಕೈಗೇ ಕೊಡಿ. ಪಟ್ಟಿಯನ್ನು ಕೋಡ್ ಕ್ರಮದಲ್ಲೇ ಜೋಡಿಸಬೇಕು. ಕೋಡ್ ಹಾಕಿಯೂ ಹಾಜರಿ ಕ್ರಮ ಬಿಡದಿದ್ದರೆ ಬೆರಳೆಣಿಸಿ ಹುಡುಕುತ್ತಾರೆ. ಐಚ್ಛಿಕ ವಿಷಯದಲ್ಲಿ ಆರೇ ಮಂದಿ ಇದ್ದರೆ ಪಟ್ಟಿಯೇ ಬೇಡ, ಯಾವ ಕೋಡೂ ಅವರನ್ನು ಅಡಗಿಸದು.

ವಾಟ್ಸಾಪ್ ಗ್ರೂಪಿಗೆ ಅಂಕಪಟ್ಟಿಯ ಫೋಟೊ ಹಾಕುವ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಡಿಲೀಟ್ ಒತ್ತುವ ಮೊದಲೇ ಅದು ಬೇರೆ ಫೋನುಗಳಿಗೆ ಇಳಿದಿರುತ್ತದೆ. ಪಿಯು ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಎಕ್ಸೆಲ್ ಫೈಲನ್ನೇ ಕಳಿಸುವುದೂ ಅಪಾಯ. ಹೈಡ್ ಮಾಡಿದ ಕಾಲಂ ಅಳಿಸಿಹೋಗಿರುವುದಿಲ್ಲ, ಜಾತಿ ಪ್ರವರ್ಗದ ಕಾಲಮ್ಮೂ ಒಂದೇ ಕ್ಲಿಕ್ಕಿಗೆ ಹೊರಬರುತ್ತದೆ. ಗೂಗಲ್ ಕ್ಲಾಸ್‌ರೂಮ್ ಇದ್ದರೆ ಪತ್ರಿಕೆಯನ್ನು ಅಲ್ಲಿಂದ ರಿಟರ್ನ್ ಮಾಡಿ, ಟಿಪ್ಪಣಿಯನ್ನು ಪ್ರೈವೇಟ್ ಕಾಮೆಂಟಿನಲ್ಲಿ ಬರೆಯಿರಿ.

ಪೋಷಕರ ಸಭೆಗೆ ಒಂದು ರಟ್ಟು ಸಾಕು. ರಿಜಿಸ್ಟರಿನ ಒಂದು ಸಾಲಿನಷ್ಟೇ ಅಗಲದ ಸೀಳು ಕತ್ತರಿಸಿ ಪುಟದ ಮೇಲಿಡಿ, ತಮ್ಮ ಮಗುವಿನ ಸಾಲು ಮಾತ್ರ ಕಾಣುತ್ತದೆ. ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗಿದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ನೆಪದಲ್ಲಿ ಕಟ್ಟನ್ನೇ ಮುಂದಿಟ್ಟು ‘ಹುಡುಕಿಕೊಳ್ಳಿ’ ಎನ್ನುವುದು ಸಲ್ಲ.

ಕೊನೆಗೆ ಗುಜರಿ. ಇರಿಸಿಕೊಳ್ಳಬೇಕಾದ ಅವಧಿ ಮುಗಿಯಿತೆಂದು ಕಟ್ಟುಕಟ್ಟಾಗಿ ತೂಕಕ್ಕೆ ಹಾಕಿದರೆ ಅದೇ ಹಾಳೆ ಚರುಮುರಿ ಪೊಟ್ಟಣವಾಗಿ ಬೀಚಿನಲ್ಲಿ ಕೈಗೆ ಸಿಗಬಹುದು. ಅಂಕ ಮುಖಪುಟದ ಒಳಬದಿಯಲ್ಲೇ ಇದ್ದರೆ ಕೆಲಸ ಹಗುರ: ಆ ಒಂದು ಹಾಳೆ ಹರಿದರೆ ಹೆಸರು, ಅಂಕ ಎರಡೂ ಹೋಗುತ್ತವೆ. ಶ್ರೆಡರ್ ಇಲ್ಲದಿದ್ದರೆ ಹರಿದ ಮುಖಪುಟಗಳನ್ನು ಪಿನ್ ತೆಗೆದು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕಿವುಚಿ. ಉಳಿದ ಹಾಳೆ ಗುಜರಿಗೆ ಹೋಗಲಿ.