ರಿಸ್ಟ್ರಿಕ್ಟೆಡ್ಡೋ ಜನರಲ್ಲೋ: ಹ್ಯಾಮ್ ಲೈಸೆನ್ಸ್ ನಾನು ಆರಿಸಿಕೊಂಡ ಬಗೆ

ಎಂಟು ತಿಂಗಳು ನಾನು ಅರ್ಜಿಯನ್ನೇ ಹಾಕಲಿಲ್ಲ. ತಗೊಂಡರೆ ಜನರಲ್ ಗ್ರೇಡೇ ತಗೋಬೇಕು ಅನ್ನೋ ಹಟ.

ನಮ್ಮ ದೇಶದಲ್ಲಿ ಹ್ಯಾಮ್ ರೇಡಿಯೋಗೆ, ಅಂದರೆ ಹವ್ಯಾಸಕ್ಕಾಗಿ ಸ್ವಂತ ಸೆಟ್‌ನಿಂದ ಬೇರೆಯವರ ಜೊತೆ ಮಾತಾಡುವ ರೇಡಿಯೋಗೆ, ಎರಡು ಬಗೆಯ ಲೈಸೆನ್ಸ್ ಇವೆ, ರಿಸ್ಟ್ರಿಕ್ಟೆಡ್ ಮತ್ತು ಜನರಲ್. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಮೊದಲು ಚಿಕ್ಕದು, ಆಮೇಲೆ ದೊಡ್ಡದು ಅಂತ ಕಡ್ಡಾಯವೇನಿಲ್ಲ. ರಿಸ್ಟ್ರಿಕ್ಟೆಡ್‌ನವರ ಕಾಲ್‌ಸೈನ್ (ರೇಡಿಯೋದಲ್ಲಿ ಗುರುತಿಗೆ ಕೊಡುವ ಹೆಸರು) ಸಾಮಾನ್ಯವಾಗಿ ವಿಯು3 ಅಂತ ಶುರುವಾಗುತ್ತದೆ, ಜನರಲ್‌ನವರದ್ದು ವಿಯು2. ಆ ‘3’ ನನ್ನ ಕಣ್ಣಿಗೆ ಒಂದು ಮೆಟ್ಟಿಲು ಕೆಳಗಿನದ್ದು ಅನಿಸಿಬಿಟ್ಟಿತ್ತು.

ಎರಡಕ್ಕೂ ಓದುವ ವಿಷಯ ಹೆಚ್ಚು ಕಡಿಮೆ ಅದೇ. ರೇಡಿಯೋ ಥಿಯರಿ ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. ಓಮ್‌ನ ನಿಯಮ, ರೆಸೊನೆನ್ಸ್, ಆಂಟೆನಾ, ಕ್ಯೂ ಕೋಡ್‌ಗಳು. ಜನರಲ್‌ಗೆ ಸ್ವಲ್ಪ ಆಳವಾಗಿ ಓದಬೇಕು, ಪಾಸಾಗೋಕೆ ಅಂಕವೂ ಜಾಸ್ತಿ ಬೇಕು. ಇದು ಯಾರಿಗೂ ದೊಡ್ಡ ಅಡ್ಡಿಯಲ್ಲ. ನಿಜವಾದ ಗೋಡೆ ಮೋರ್ಸ್, ಅಂದರೆ ಚುಕ್ಕೆ, ಗೆರೆಗಳ ಸದ್ದಿನಲ್ಲಿ ಅಕ್ಷರ ಕಳಿಸುವ ಸಂಕೇತ. 2003ರಲ್ಲಿ ಅಂತರರಾಷ್ಟ್ರೀಯ ನಿಯಮದಿಂದ ಮೋರ್ಸ್ ಕಡ್ಡಾಯ ಅನ್ನೋದು ಹೋಯಿತು. ಎಷ್ಟೋ ದೇಶಗಳು ಅದನ್ನು ಪರೀಕ್ಷೆಯಿಂದ ತೆಗೆದವು. ನಾನು ತಯಾರಿ ಮಾಡುವಾಗ ನಮ್ಮ ಜನರಲ್ ಗ್ರೇಡ್‌ಗೆ ಮಾತ್ರ ನಿಮಿಷಕ್ಕೆ 8 ಪದದ ವೇಗದ ಮೋರ್ಸ್ ಬರಲೇಬೇಕಿತ್ತು.

ನಾನು ಅದನ್ನು ತಪ್ಪು ದಾರಿಯಲ್ಲಿ ಕಲಿಯೋಕೆ ಹೋದೆ. ಚುಕ್ಕೆ, ಗೆರೆಗಳ ಚಾರ್ಟ್ ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದೆ. ಹಾಳೆಯ ಮೇಲೆ ಎಲ್ಲವೂ ಬರುತ್ತಿತ್ತು, ಕಿವಿಗೆ ಬಿದ್ದರೆ ಒಂದೂ ಹೊಳೆಯುತ್ತಿರಲಿಲ್ಲ. ‘ಡಾ ಡಿ ಡಾ’ ಅಂತ ಕೇಳಿಸುತ್ತಿತ್ತು. ಅದನ್ನು ಗೆರೆ, ಚುಕ್ಕೆ, ಗೆರೆ ಅಂತ ಬಿಡಿಸಿ, ಮನಸ್ಸಿನಲ್ಲೇ ಚಾರ್ಟ್ ನೋಡಿ, ‘ಕೆ’ ಅಂತ ಗೊತ್ತಾಗುವಷ್ಟರಲ್ಲಿ ಮುಂದಿನ ಅಕ್ಷರ ದಾಟಿ ಹೋಗಿರುತ್ತಿತ್ತು. ನಿಮಿಷಕ್ಕೆ 8 ಪದ ಅಂದರೆ ಸುಮಾರು 40 ಅಕ್ಷರ. ಒಂದು ಅಕ್ಷರಕ್ಕೆ ಸಿಗೋದು ಒಂದೂವರೆ ಸೆಕೆಂಡು. ‘ಎಸ್’ಗೆ ಮೂರು ಡಿಟ್ (ಚುಕ್ಕೆಯ ಸದ್ದು), ‘ಎಚ್’ಗೆ ನಾಲ್ಕು, ಅಂಕಿ 5ಕ್ಕೆ ಐದು. ಎಣಿಸುತ್ತಾ ಕೂತರೆ ಮುಗೀತು.

ಇದೇ ಗೋಳಿನಲ್ಲಿ ಹಿರಿಯ ಹ್ಯಾಮ್ ಒಬ್ಬರ ಮನೆಗೆ ಹೋಗಿದ್ದೆ. ನನ್ನ ಕಥೆಯೆಲ್ಲ ಕೇಳಿ ಅವರು, “ಮೊದಲು ನೀವು ಗಾಳಿಗೆ ಬನ್ನಿ, ಅಂದರೆ ರೇಡಿಯೋದಲ್ಲಿ ಮಾತಾಡೋಕೆ ಶುರು ಮಾಡಿ. ಜನರಲ್ ಯಾಕೆ ಬೇಕು, ಹೇಳಿ ನೋಡೋಣ,” ಅಂದರು. ಪವರ್‌ಗೆ ಅಂದೆ. ರಿಸ್ಟ್ರಿಕ್ಟೆಡ್‌ನಲ್ಲಿ ದೂರದ ಮಾತಿಗೆ ಬಳಸುವ ಎಚ್‌ಎಫ್ (ಶಾರ್ಟ್‌ವೇವ್) ಬ್ಯಾಂಡ್‌ಗಳಿಗೆ 50 ವಾಟ್ ಮಿತಿ, ಜನರಲ್‌ಗೆ 400. ಎಂಟು ಪಟ್ಟು!

ಅವರು ಒಂದು ಹಾಳೆ ತಗೊಂಡು ಲೆಕ್ಕ ಬರೆದರು. ಎಂಟು ಪಟ್ಟು ಪವರ್ ಅಂದರೆ 9 ಡೆಸಿಬೆಲ್. ಬರುವ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ತೋರಿಸುವ ಎಸ್ ಮೀಟರ್‌ನಲ್ಲಿ ಒಂದೊಂದು ಅಂಕಿಗೂ ನಡುವೆ 6 ಡೆಸಿಬೆಲ್. ಅಂದರೆ ಆ ಕಡೆ ಕೇಳುವವರ ಮೀಟರ್‌ನಲ್ಲಿ ಮುಳ್ಳು ಒಂದೂವರೆ ಮನೆ ಮೇಲೆ ಹೋಗುತ್ತದೆ, ಅಷ್ಟೇ. ಗದ್ದಲದಲ್ಲಿ ಮುಳುಗಿದ ಸಿಗ್ನಲ್‌ಗೆ ಅದೂ ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ನಾನು ಎಂಟು ತಿಂಗಳು ಸುಮ್ನೆ ಕೂತಿದ್ದು ಈ ಒಂದೂವರೆ ಮನೆಗಾ ಅನಿಸಿತು. ಆ ಹಾಳೆ ಈಗಲೂ ನನ್ನ ಲಾಗ್‌ಬುಕ್‌ನೊಳಗಿದೆ.

ಆ ವಾರವೇ ರಿಸ್ಟ್ರಿಕ್ಟೆಡ್‌ಗೆ ಅರ್ಜಿ ಹಾಕಿದೆ. ಪರೀಕ್ಷೆ ಬರೆದು, ಲೈಸೆನ್ಸ್‌ಗೆ ಕಾದು, ಕೊನೆಗೂ ವಿಯು3 ಕಾಲ್‌ಸೈನ್ ಕೈಗೆ ಬಂತು. 7 ಮೆಗಾಹರ್ಟ್ಸ್‌ಗೆ ಡೈಪೋಲ್ ಅನ್ನೋ ತಂತಿಯ ಆಂಟೆನಾ ಕಟ್ಟಿದೆ. ತುದಿಯಿಂದ ತುದಿಗೆ ಸುಮಾರು 20 ಮೀಟರ್ ತಂತಿ ಬೇಕು. ಟೆರೇಸ್‌ನಲ್ಲಿ ಅಷ್ಟು ಜಾಗ ಇರಲಿಲ್ಲ. ಮಧ್ಯ ಎತ್ತರಕ್ಕೆ ಕಟ್ಟಿ, ಎರಡು ಕಡೆಯೂ ಇಳಿಜಾರಾಗಿ ಬಿಟ್ಟೆ. ಮೊದಲ ಬೆಳಗ್ಗೆಯೇ ಕೊಯಮತ್ತೂರಿನ ಒಬ್ಬರು ಉತ್ತರಿಸಿದರು. ನನ್ನ ಸಿಗ್ನಲ್ “ಫೈವ್ ಸೆವೆನ್” ಅಂದರು, ಅಂದರೆ ಮಾತು ಪೂರ್ತಿ ಸ್ಪಷ್ಟ, ಸಿಗ್ನಲ್ ಸಾಕಷ್ಟು ಜೋರು. ನನ್ನ ಕೈ ನಡುಗುತ್ತಿತ್ತು, ಅವರ ಹೆಸರು ಬರೆದುಕೊಳ್ಳೋಕೆ ಎರಡು ಸಲ ಕೇಳಿದೆ.

ಮೋರ್ಸ್ ಬಿಡಲಿಲ್ಲ. ಚಾರ್ಟ್ ಕಿತ್ತು, ಕೋಕ್ ವಿಧಾನ ಹಿಡಿದೆ. ಅದರಲ್ಲಿ ಮೊದಲು ಎರಡೇ ಅಕ್ಷರ, ಆದರೆ ಪೂರ್ತಿ ವೇಗದಲ್ಲಿ. ಅವು ಚೆನ್ನಾಗಿ ಹಿಡಿತಕ್ಕೆ ಬಂದ ಮೇಲೆ ಮೂರನೆಯದು. ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಜಾಸ್ತಿ ಕೂತರೆ ಕಿವಿ ಸೋಲುತ್ತದೆ. ಬ್ಯಾಂಡ್‌ನ ಕೆಳಗಿನ ತುದಿಯಲ್ಲಿ ನಿಜವಾದ ಮೋರ್ಸ್ ಕೇಳುತ್ತಿದ್ದೆ. ಒಂದು ರಾತ್ರಿ ‘ಸಿಕ್ಯೂ’ (ಯಾರಾದರೂ ಉತ್ತರಿಸಿ ಅನ್ನೋ ಕರೆ) ಅನ್ನೋದು ಬಿಡಿ ಅಕ್ಷರಗಳಾಗಿ ಅಲ್ಲ, ಒಂದೇ ರಾಗದ ಹಾಗೆ ಕೇಳಿಸಿತು. ಆಮೇಲೆ ಕಲಿಕೆ ತಾನಾಗಿಯೇ ಸಾಗಿತು. ಮುಂದಿನ ವರ್ಷ ಜನರಲ್ ಪಾಸಾದೆ.

ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ನಾನು ಮೊದಲು ಏನು ಮಾಡಬೇಕೆಂದಿದ್ದೀರಿ ಅಂತ ಕೇಳುತ್ತೇನೆ. ಮಾತಾಡಬೇಕು, ಆಂಟೆನಾ ಕಟ್ಟಬೇಕು ಅಂದರೆ ರಿಸ್ಟ್ರಿಕ್ಟೆಡ್ ತಗೊಂಡು ಇವತ್ತೇ ಶುರು ಮಾಡಿ. ಮೋರ್ಸ್ ಮೇಲೇ ಪ್ರೀತಿ ಇದ್ದರೆ, ಕಿವಿಗೆ ಆಗಲೇ ಸ್ವಲ್ಪ ಹತ್ತಿದ್ದರೆ, ನೇರ ಜನರಲ್ ಬರೆಯಿರಿ. ಟ್ರೆಕಿಂಗ್‌ನಲ್ಲಿ ನಾಲ್ಕು ಗೆಳೆಯರು ಮಾತಾಡಿಕೊಳ್ಳೋಕೆ ಮಾತ್ರ ಸೆಟ್ ಬೇಕಾದರೆ ಎರಡೂ ಬೇಡ, ಯಾಕಂದರೆ ನಾಲ್ವರಿಗೂ ಬೇರೆ ಬೇರೆ ಲೈಸೆನ್ಸ್ ಬೇಕಾಗುತ್ತದೆ. ಲೈಸೆನ್ಸ್ ಬೇಡದ ಕಡಿಮೆ ಪವರ್‌ನ ಸೆಟ್‌ಗಳಿಗೆ 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್ ಇದೆ. ಅಂಗಡಿ, ವ್ಯಾಪಾರದ ಕೆಲಸಕ್ಕಂತೂ ಹ್ಯಾಮ್ ಬ್ಯಾಂಡ್ ಬಳಸುವಂತೆಯೇ ಇಲ್ಲ.